220ರಿಂದ ವಯಸ್ಸು ಕಳೆದರೆ ಸಿಗುವುದು ಅಪಾಯದ ಗೆರೆಯಲ್ಲ

‘220ರಿಂದ ನಿಮ್ಮ ವಯಸ್ಸು ಕಳೆಯಿರಿ. ವ್ಯಾಯಾಮದಲ್ಲಿ ಎದೆಬಡಿತ ಅದನ್ನು ದಾಟಿದರೆ ಹೃದಯಾಘಾತ ಖಚಿತ’ ಎನ್ನುವ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಲೆಕ್ಕ ಹಳೆಯದು. ಹೆದರಿಕೆ ಮಾತ್ರ ಯಾರೋ ಸುಮ್ನೆ ಸೇರಿಸಿದ್ದು.

ನಿಮಿಷಕ್ಕೆ ಎದೆ ಗರಿಷ್ಠ ಎಷ್ಟು ಬಾರಿ ಬಡಿಯಬಹುದು ಎಂದು ಅಂದಾಜಿಸುವ ಈ ಸೂತ್ರ ಪ್ರಚಾರಕ್ಕೆ ಬಂದಿದ್ದು 1971ರ ಹೊತ್ತಿಗೆ. ಅಮೆರಿಕದ ಸಂಶೋಧಕ ಫಾಕ್ಸ್ ಮತ್ತು ಸಂಗಡಿಗರು ಆಗಲೇ ಇದ್ದ ಅಂಕಿಅಂಶ ನೋಡಿ ಹೆಚ್ಚುಕಮ್ಮಿ ಕಣ್ಣಂದಾಜಿನಲ್ಲಿ ಎಳೆದ ಗೆರೆ ಅದು. 2001ರಲ್ಲಿ ತನಾಕಾ ಎಂಬ ಸಂಶೋಧಕರ ತಂಡ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಬೇರೆ ಲೆಕ್ಕ ಕೊಟ್ಟಿತು: ವಯಸ್ಸನ್ನು 0.7ರಿಂದ ಗುಣಿಸಿ, 208ರಿಂದ ಕಳೆಯಿರಿ. 40ರ ವಯಸ್ಸಿಗೆ ಎರಡರಲ್ಲೂ 180 ಬರುತ್ತದೆ. 70ಕ್ಕೆ ನೋಡಿ, ಹಳೆಯದರಲ್ಲಿ 150, ಹೊಸದರಲ್ಲಿ 159. ಅಂದರೆ ಹಳೆಯ ಸೂತ್ರ ಹಿರಿಯರನ್ನೇ ಜಾಸ್ತಿ ಹೆದರಿಸುತ್ತದೆ.

ಹೊಸದೂ ಸರಾಸರಿಯೇ ಅಲ್ವಾ? ಒಂದೇ ವಯಸ್ಸಿನವರಲ್ಲಿ 10-12 ಬಡಿತ ಆಚೀಚೆ ಇರುವುದು ಮಾಮೂಲು. ಗರಿಷ್ಠ ಎಂದರೆ ಹೃದಯಕ್ಕೆ ಸಾಧ್ಯವಾಗುವ ಅತಿ ಹೆಚ್ಚಿನ ಬಡಿತ. ನಿಮ್ಮ ನಿಜವಾದ ಗರಿಷ್ಠವನ್ನು ನೀವು ದಾಟಲಾರಿರಿ. ದಾಟಿದಂತೆ ಕಂಡರೆ ಸೂತ್ರದ ಅಂದಾಜು ತಪ್ಪಿರಬಹುದು, ಇಲ್ಲವೇ ಕೈಗಡಿಯಾರ ತಪ್ಪು ಓದಿರಬಹುದು.

ವಯಸ್ಸಾದಂತೆ ಗರಿಷ್ಠ ಇಳಿಯುವುದು ಮಾತ್ರ ನಿಜ. ಬಡಿತದ ತಾಳ ಹಾಕುವ ಸೈನಸ್ ನೋಡ್ ನಿಧಾನವಾಗುತ್ತದೆ, ಅಡ್ರಿನಲಿನ್‌ಗೆ ಹೃದಯ ಮೊದಲಿನಷ್ಟು ಓಗೊಡುವುದಿಲ್ಲ. ದಿನಾ ಓಡುವವರಿಗೂ ಇದು ತಪ್ಪಿದ್ದಲ್ಲ.

ಬಿಪಿಗೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಎರಡೂ ಸೂತ್ರ ಹೊಂದುವುದಿಲ್ಲ. ಆ ಮಾತ್ರೆ ಬಡಿತವನ್ನೇ ತಗ್ಗಿಸುತ್ತದೆ. ಇಂಥವರು ವೈದ್ಯರನ್ನು ಕೇಳಿ ಮಿತಿ ಇಟ್ಟುಕೊಳ್ಳಲಿ. ಎದೆನೋವು, ತಲೆಸುತ್ತು ಬಂದರೆ ಅಂಕಿ ಎಷ್ಟೇ ಇರಲಿ, ತಕ್ಷಣ ನಿಲ್ಲಿಸಿ ವೈದ್ಯರಿಗೆ ತೋರಿಸಿ.