ಅಜ್ಜನಿಗೆ ಐಸಿಟಿ ಇತ್ತು

ನಮ್ಮಜ್ಜನಿಗೆ 1943ರಲ್ಲೇ ಐಸಿಟಿ ಇತ್ತು. ಕಂಪ್ಯೂಟರ್ ಓದಿದ ಮೊಮ್ಮಕ್ಕಳು ಸ್ವಲ್ಪ ತಣ್ಣಗಾಗಿ. ಅಜ್ಜನ ಐಸಿಟಿ ಇದ್ದದ್ದು ಎಡಗಾಲಿನಲ್ಲಿ. ಚರ್ಮದಡಿ ಬಾತುಕೊಂಡು ಉರಿ ಎದ್ದರೆ ಆಗಿನ ಮಿಲಿಟರಿ ಡಾಕ್ಟರು ಬರೆಯುತ್ತಿದ್ದದ್ದು ಈ ಮೂರಕ್ಷರ, 'ಇನ್‌ಫ್ಲಮೇಷನ್ ಆಫ್ ಕನೆಕ್ಟಿವ್ ಟಿಶ್ಯೂ'.

ಅಜ್ಜ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಭಾರತೀಯ ಸೈನ್ಯದಲ್ಲಿದ್ದವರು. ಅರ್ಜಿ ಹಾಕಿ ಹನ್ನೊಂದು ತಿಂಗಳಾದ ಮೇಲೆ ಅವರ ಸರ್ವಿಸ್ ದಾಖಲೆಯ ನಾಲ್ಕು ಹಾಳೆ ಜೆರಾಕ್ಸ್ ಬಂತು. ಎಲ್ಲ ಅಕ್ಷರ, ಚುಕ್ಕೆ, ಮತ್ತೆ ಅಕ್ಷರ. ಶತ್ರುವಿನ ಕೈಗೆ ಸಿಕ್ಕರೂ ಅರ್ಥ ಆಗಬಾರದು ಅನ್ನುವ ಮುಂದಾಲೋಚನೆ ಇರಬೇಕು. ಭೇಷ್. ಶತ್ರು 1945ರಲ್ಲೇ ಮನೆಗೆ ಹೋದ. ಸಿಕ್ಕಿಹಾಕಿಕೊಂಡವರು ನಾವು.

ಮೊದಲ ಹಾಳೆಯಲ್ಲೇ ಎಸ್‌ಓಎಸ್. ಚಿಕ್ಕಪ್ಪ ಕಣ್ಣೊರೆಸಿಕೊಂಡರು. ಹಡಗು ಮುಳುಗುವಾಗ ಅಪ್ಪ 'ಕಾಪಾಡಿ' ಅಂತ ಕೂಗಿದ್ದಾರೆ ಕಣೋ ಅಂದರು. ಸಂಜೆಯೊಳಗೆ ಆ ಹಡಗಿಗೆ ಒಂದು ಹೆಸರೂ ಬಂತು. ಅಸಲಿಗೆ ಅದು 'ಸ್ಟ್ರಕ್ ಆಫ್ ಸ್ಟ್ರೆಂತ್'. ಅಂದರೆ ತುಕಡಿಯ ಲೆಕ್ಕದಿಂದ ಹೆಸರು ತೆಗೆದರು ಅಂತ. ಇನ್ನೊಂದು ತುಕಡಿ ಸೇರಿಸಿಕೊಂಡರೆ ಟಿಓಎಸ್. ವರ್ಗವಾದರೂ ಎಸ್‌ಓಎಸ್, ಸತ್ತರೂ ಎಸ್‌ಓಎಸ್. ಅಜ್ಜ ಹೀಗೆ ನಾಲ್ಕು ಸಲ 'ಮುಳುಗಿದ್ದಾರೆ'.

ಆಮೇಲೆ ಸಿಬಿ. ಇದು ಪದಕವೇ ಅಂತ ಚಿಕ್ಕಪ್ಪನ ಹಟ. ಅವರದು ಪೂರ್ತಿ ತಪ್ಪೂ ಅಲ್ಲ. ಜನರಲ್‌ಗಳ ಹೆಸರಿನ ಕೊನೆಗೆ ಸಿಬಿ ಇದ್ದರೆ ಅದು ಬ್ರಿಟಿಷ್ ದೊರೆ ಕೊಟ್ಟ ಬಿರುದು, 'ಕಂಪ್ಯಾನಿಯನ್ ಆಫ್ ದಿ ಬಾತ್'. ಸಿಪಾಯಿಯ ಹಾಳೆಯಲ್ಲಿದ್ದರೆ 'ಕನ್‌ಫೈನ್ಡ್ ಟು ಬ್ಯಾರಕ್ಸ್'. ಏಳು ದಿನ ಬ್ಯಾರಕ್ ಬಿಟ್ಟು ಕದಲಬೇಡ ಅಂತ ಶಿಕ್ಷೆ. ಅಕ್ಷರ ಅವೇ ಎರಡು. ಅವರಿಗೆ ಸ್ನಾನ, ಇವರಿಗೆ ಸೆರೆ.

ನನಗೆ ಜಾಸ್ತಿ ಇಷ್ಟವಾದದ್ದು ಎಂಟಿ. ಅಜ್ಜ ಲಾರಿ ಡ್ರೈವರ್. ಹೆಸರಿನ ಪಕ್ಕದ ಎಂಟಿ ಅಂದರೆ 'ಮೆಕ್ಯಾನಿಕಲ್ ಟ್ರಾನ್ಸ್‌ಪೋರ್ಟ್'. ಸರಿ. ಆದರೆ ಆಸ್ಪತ್ರೆಯ ಕಾಲಂನಲ್ಲೂ ಎಂಟಿ! ಲಾರಿ ಪಲ್ಟಿ ಹೊಡೆದಿರಬೇಕು ಅಂದುಕೊಂಡೆವು. ಅಲ್ಲ. ಅದು 'ಮಲಿಗ್ನೆಂಟ್ ಟರ್ಷಿಯನ್', ಜೀವ ತೆಗೆಯುವ ಜಾತಿಯ ಮಲೇರಿಯಾ. 1943ರಲ್ಲಿ ಬರ್ಮಾ ಕಡೆ ಗಾಯವಾಗಿ ವಾಪಸು ಬಂದ ಒಬ್ಬನಿಗೆ ಕಾಯಿಲೆ ಬಿದ್ದು ಬಂದವರು 120 ಜನ. ಜಪಾನಿನವರಿಗಿಂತ ಸೊಳ್ಳೆಯೇ ಶಿಸ್ತಿನ ಸೈನಿಕ.

ಅದಕ್ಕೂ ಹಿಂದಿನ ಸಾಲಿನಲ್ಲಿ ಪಿಯುಓ, ಅಂದರೆ ಕಾರಣ ಗೊತ್ತಿಲ್ಲದ ಜ್ವರ. ಅದರ ಮೇಲೆ ಎನ್‌ವೈಡಿ, ಏನು ಕಾಯಿಲೆ ಅಂತ ಇನ್ನೂ ಗೊತ್ತಾಗಿಲ್ಲ. 'ಗೊತ್ತಿಲ್ಲ' ಅನ್ನುವುದಕ್ಕೇ ಎರಡು ಸಂಕ್ಷೇಪ ಇಟ್ಟುಕೊಂಡ ಸೈನ್ಯ ಸೋಲುವುದುಂಟೇ?

ಉಳಿದವನ್ನೆಲ್ಲ ಬಿಡಿಸಿ ಹೇಳಿ ಅಂತ ಕಚೇರಿಗೆ ಮತ್ತೆ ಬರೆದೆ. ಒಂದೇ ಸಾಲಿನ ಉತ್ತರ ಬಂತು, ಕೊನೆಯಲ್ಲಿ ಎನ್‌ಎಫ್‌ಎ. ಅದನ್ನೂ ನಾನೇ ಹುಡುಕಬೇಕಾಯಿತು. 'ನೋ ಫರ್ದರ್ ಆಕ್ಷನ್' ಅಂತೆ. ಪರಂಪರೆ ಉಳಿಸಿಕೊಂಡು ಬಂದಿದ್ದಾರೆ, ಮೆಚ್ಚಬೇಕು.

ನಾಲ್ಕನೇ ಹಾಳೆಯಲ್ಲಿ ಮಾತ್ರ ಒಂದು ವಾಕ್ಯ ಪೂರ್ತಿ ಇದೆ. ದುಂಡಗಿನ ಅಕ್ಷರ, ಒಂದು ಚುಕ್ಕೆಯೂ ಇಲ್ಲ. ಕಂಬಳಿ ಒಂದು ಕಳೆದಿದೆ, ಬೆಲೆಯನ್ನು ಸಂಬಳದಿಂದ ಮುರಿದುಕೊಳ್ಳುವುದು.

ಇದಕ್ಕೆ ನನಗೆ ನಗು ಬರಲಿಲ್ಲ. 25 ಲಕ್ಷ ಭಾರತೀಯರು ಆ ಯುದ್ಧದಲ್ಲಿ ದುಡಿದರು. ಮನುಷ್ಯ ಜ್ವರದಲ್ಲಿ ಬೇಯುತ್ತಿದ್ದರೆ ಎರಡು ಮೂರು ಅಕ್ಷರಕ್ಕಿಂತ ಹೆಚ್ಚಿಗೆ ಶಾಯಿ ಖರ್ಚು ಮಾಡಲಿಲ್ಲ. ಕಂಬಳಿ ಹೋದರೆ ವಾಕ್ಯ, ದಿನಾಂಕ, ಸಹಿ, ಮೊಹರು! ಅಜ್ಜನ ಹೆಸರನ್ನೂ ಮೂರು ಕಡೆ ಮೂರು ತರ ಬರೆದಿದ್ದಾರೆ. ಕಂಬಳಿಯ ನಂಬರ್ ಮಾತ್ರ ಎರಡು ಕಡೆಯೂ ಒಂದೇ.

ಚಿಕ್ಕಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಹಡಗು ಮುಳುಗುವಾಗ ಕಂಬಳಿ ಎಲ್ಲಿ ನೋಡ್ಕೊಳ್ಳೋಕಾಗತ್ತೆ ಹೇಳು" ಅಂದರು.