ಸ್ತನದ ಗಂಟಿಗೆ ತ್ರೀಡಿ ಅಲ್ಟ್ರಾಸೌಂಡ್ ಬೇಕೇ?

ಪರ

ಕೈಗೆ ಗಂಟು ಸಿಕ್ಕ ದಿನದಿಂದ ರಿಪೋರ್ಟ್ ಬರುವವರೆಗೆ ನಿದ್ದೆ ಹತ್ತುವುದಿಲ್ಲ. ಆ ರಿಪೋರ್ಟ್ ಆದಷ್ಟು ಖಚಿತವಾಗಿರಬೇಕು, ಅಲ್ವಾ? ಮಾಮೂಲಿ ಸ್ಕ್ಯಾನ್‌ನಲ್ಲಿ ಗಂಟು ಒಂದೊಂದೇ ಸೀಳಾಗಿ ಕಾಣುತ್ತದೆ. ಅವನ್ನು ಜೋಡಿಸಿ ಆಕಾರ ಊಹಿಸುವ ಕೆಲಸ ಡಾಕ್ಟರದ್ದು. ತ್ರೀಡಿಯಲ್ಲಿ ಆ ಜೋಡಣೆಯನ್ನು ಯಂತ್ರವೇ ಮಾಡುತ್ತದೆ.

ಇದರ ದೊಡ್ಡ ಲಾಭ ಕೊರೋನಲ್ ನೋಟ. ಚರ್ಮದಿಂದ ಎದೆಗೂಡಿನ ಕಡೆಗೆ ಪದರ ಪದರವಾಗಿ ಇಳಿಯುತ್ತಾ ನೋಡಬಹುದು. ಕೈಯಲ್ಲಿ ಹಿಡಿದು ಚರ್ಮದ ಮೇಲೆ ಆಡಿಸುವ ಮಾಮೂಲಿ ಪ್ರೋಬ್‌ನಿಂದ ಈ ನೋಟ ನೇರವಾಗಿ ಸಿಗುವುದಿಲ್ಲ. ಕ್ಯಾನ್ಸರ್ ಗಂಟು ಸುತ್ತಲಿನ ಅಂಗಾಂಶವನ್ನು ತನ್ನ ಕಡೆ ಎಳೆದುಕೊಳ್ಳುವುದುಂಟು. ಆಗ ಗಂಟಿನ ಸುತ್ತ ನಕ್ಷತ್ರದ ಹಾಗೆ ಗೆರೆಗಳು ಏಳುತ್ತವೆ. ಫೈಬ್ರೊಅಡಿನೋಮದಂಥ ಅಪಾಯವಿಲ್ಲದ ಗಂಟು ಸಾಮಾನ್ಯವಾಗಿ ಪಕ್ಕದ ಅಂಗಾಂಶವನ್ನು ಸುಮ್ನೆ ಆಚೆ ತಳ್ಳಿ, ನುಣುಪು ಅಂಚಿನಲ್ಲಿ ಕೂತಿರುತ್ತದೆ. ಅನುಮಾನದ ಗಂಟಿನಲ್ಲಿ ಈ ಒಂದು ಸುಳಿವಿಗೆ ತುಂಬಾ ಬೆಲೆಯಿದೆ.

ದಟ್ಟ ಸ್ತನದವರ, ಅಂದರೆ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿಯ ಅಂಗಾಂಶ ಹೆಚ್ಚು ಇರುವವರ ಕಷ್ಟ ಬೇರೆ. ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಅಂಗಾಂಶವೂ ಬಿಳಿ, ಗಂಟೂ ಬಿಳಿ. ಇಂಥವರಿಗಾಗಿಯೇ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಎಫ್‌ಡಿಎ 2012ರಲ್ಲಿ ಇಡೀ ಸ್ತನವನ್ನು ತಾನೇ ಸ್ಕ್ಯಾನ್ ಮಾಡುವ ತ್ರೀಡಿ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಮ್ಯಾಮೊಗ್ರಾಮ್ ಬದಲಿಗಲ್ಲ, ಅದರ ಜೊತೆಗೆ. ಇಡೀ ಸ್ಕ್ಯಾನ್ ಉಳಿದಿರುವುದರಿಂದ ಇನ್ನೊಬ್ಬ ಡಾಕ್ಟರೂ ಮೊದಲಿನಿಂದ ನೋಡಬಹುದು.

ವಿರೋಧ

ಚಿತ್ರ ಚೆನ್ನಾಗಿ ಬಂದರೆ ಸಾಲದು, ಅದರಿಂದ ಚಿಕಿತ್ಸೆಯ ದಾರಿ ಬದಲಾಗಬೇಕು. ತೆಳು ಗೋಡೆಯ ನೀರುಗುಳ್ಳೆಯನ್ನು ಮಾಮೂಲಿ ಸ್ಕ್ಯಾನೇ ಗುರುತಿಸುತ್ತದೆ. ಆ ಸ್ಕ್ಯಾನ್‌ನಲ್ಲೇ ಗಂಟಿನ ಅಂಚು ಮುಳ್ಳುಮುಳ್ಳಾಗಿ ಕಂಡರೆ ಮುಂದಿನ ಹೆಜ್ಜೆ ಬಯಾಪ್ಸಿ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. ತ್ರೀಡಿ ಏನೇ ಹೇಳಲಿ, ಸೂಜಿ ತಪ್ಪುವುದಿಲ್ಲ.

ನಕ್ಷತ್ರದ ಗೆರೆಗಳನ್ನೂ ಪೂರ್ತಿ ನಂಬುವಂತಿಲ್ಲ. ಹಳೆಯ ಆಪರೇಷನ್ ಆದ ಜಾಗದಲ್ಲೂ ಅಂಗಾಂಶ ಹಾಗೇ ಎಳೆದುಕೊಂಡಿರಬಹುದು. ಇತ್ತ ಮ್ಯೂಸಿನಸ್ ಎಂಬ ಲೋಳೆ ತುಂಬಿದ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್ ಎಂಬ ಬಗೆಯ ಕೆಲವು ಕ್ಯಾನ್ಸರ್ ದುಂಡಗೆ, ನುಣುಪಾಗಿ ಕಾಣುವುದುಂಟು. ನನಗೆ ಹೆದರಿಕೆ ಇರುವುದು ಇಲ್ಲೇ. ಗೆರೆ ಇಲ್ಲ ಎಂದು ಧೈರ್ಯ ಹೇಳಿ ಮನೆಗೆ ಕಳಿಸಿಬಿಟ್ಟರೆ?

ಉಸಿರಾಟಕ್ಕೂ ಚಿತ್ರ ಕದಲುತ್ತದೆ. ಮೊಲೆತೊಟ್ಟಿನ ಹಿಂದೆ ನೆರಳು ಬೀಳುತ್ತದೆ. ತಾನೇ ಸ್ಕ್ಯಾನ್ ಮಾಡುವ ಯಂತ್ರಕ್ಕೆ ಕಂಕುಳಿನ ಗ್ರಂಥಿಗಳು ಸರಿಯಾಗಿ ಸಿಗುವುದಿಲ್ಲ. ಸಣ್ಣ ಕ್ಯಾಲ್ಸಿಯಂ ಕಣಗಳಿಗೆ ಮ್ಯಾಮೊಗ್ರಾಮೇ ಬೇಕು.

ಕೈಯಲ್ಲಿ ಪ್ರೋಬ್ ಹಿಡಿದ ಡಾಕ್ಟರು ಗಂಟನ್ನು ಒತ್ತಿ ನೋಡುತ್ತಾರೆ. ರಕ್ತ ಹರಿಯುವುದನ್ನು ಡಾಪ್ಲರ್‌ನಲ್ಲಿ ನೋಡುತ್ತಾರೆ. "ಇಲ್ಲೇನಾ ನೋವು?" ಎಂದು ಕೇಳುತ್ತಾರೆ. ಯಂತ್ರದ ಸ್ಕ್ಯಾನ್‌ನಲ್ಲಿ ಅನುಮಾನ ಬಂದರೆ ಸಾಮಾನ್ಯವಾಗಿ ಇದಕ್ಕೇ ಮತ್ತೆ ಕರೆಸುತ್ತಾರೆ. ಅಷ್ಟು ದಿನ ಆಕೆ ಮತ್ತೆ ನಿದ್ದೆಗೆಟ್ಟು ಕಾಯಬೇಕು.