ಬ್ರಸೆಲ್ಸ್‌ನಲ್ಲಿ ಪುಕ್ಕಟೆ ಉಚ್ಚೆ ಒಬ್ಬನಿಗೆ ಮಾತ್ರ

ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವ ಬಸ್ಸು ದಾರಿಯಲ್ಲಿ ಎಲ್ಲಾದರೂ ನಿಲ್ಲಬೇಕಲ್ಲ. ಆ ಒಂದು ಕಾರಣಕ್ಕೆ ನಮ್ಮ ಗ್ರೂಪ್ ಟೂರಿನವರ ಪಟ್ಟಿಯಲ್ಲಿ ಬೆಲ್ಜಿಯಂ ಎಂಬ ದೇಶ ಉಳಿದುಕೊಂಡಿದೆ. ಇಡೀ ದೇಶಕ್ಕೆ ಸಮಯ ಎರಡು ಗಂಟೆ. ಅದರೊಳಗೆ ರಾಜಧಾನಿ ನೋಡಬೇಕು, ಚಾಕಲೇಟ್ ಕೊಳ್ಳಬೇಕು, ವಾಫಲ್ ತಿನ್ನಬೇಕು, ಬಸ್ಸು ಹತ್ತಬೇಕು. ನನ್ನ ಜೊತೆ ಮೈಸೂರಿನ ಸೋದರಮಾವ, ಅತ್ತೆ. ಮಾವನಿಗೆ ಸಕ್ಕರೆ ಕಾಯಿಲೆ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಲಿ.

ಬ್ರಸೆಲ್ಸ್‌ಗೆ ಹೋದವರು ಮೊದಲು ನೋಡಬೇಕಾದ್ದು ಮಾನೆಕೆನ್ ಪಿಸ್. ಹೆಸರಿನ ಅರ್ಥ ಉಚ್ಚೆ ಹೊಯ್ಯುವ ಪುಟಾಣಿ. ನಮ್ಮ ಟೂರ್ ಮ್ಯಾನೇಜರ್ ಕೊಡೆ ಎತ್ತಿಕೊಂಡು ಮುಂದೆ, ನಾವು ನಲವತ್ತು ಜನ ಹಿಂದೆ. ಒಂದು ಮೂಲೆ ತಿರುಗಿದರೆ ಜಾತ್ರೆ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಕೈಗಳೂ ಮೇಲಕ್ಕೆ. ಮಾವ ತುದಿಗಾಲಲ್ಲಿ ನಿಂತು ಇಣುಕಿ, ‘ಎಲ್ಲೋ? ಕಾಣ್ತಾ ಇಲ್ವಲ್ಲೋ’ ಅಂದರು. ಕಬ್ಬಿಣದ ಬೇಲಿಯ ಹಿಂದೆ, ಕಲ್ಲಿನ ಗೂಡೊಂದರಲ್ಲಿ, ನಮ್ಮನೆ ಕುಕ್ಕರಿಗಿಂತ ಸ್ವಲ್ಪ ಎತ್ತರದ ಕಂಚಿನ ಹುಡುಗ ಬೆನ್ನು ಹಿಂದಕ್ಕೆ ಬಾಗಿಸಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದ. ಎತ್ತರ 55.5 ಸೆಂಟಿಮೀಟರ್, ಅಂದರೆ ಎರಡಡಿಯೂ ಇಲ್ಲ.

‘ಇಷ್ಟೇನಾ?’

‘ಇಷ್ಟೇ ಮಾವ.’

‘ಇದಕ್ಕೆ ವೀಸಾ ಬೇಕಿತ್ತೇನೋ?’

ಹಾಗೆಂದು ಅವನನ್ನು ಹಗುರವಾಗಿ ಕಾಣುವಂತಿಲ್ಲ. ಈ ಹುಡುಗನಿಗೆ ಸಾವಿರಕ್ಕೂ ಹೆಚ್ಚು ಉಡುಪುಗಳಿವೆ. 1698ರಲ್ಲಿ ಬವೇರಿಯಾದ ದೊರೆ ಒಂದು ಕೊಟ್ಟ. 1747ರಲ್ಲಿ ಫ್ರೆಂಚ್ ಸೈನಿಕರು ಇವನನ್ನು ಕದ್ದೊಯ್ದಾಗ ಹದಿನೈದನೇ ಲೂಯಿ ಮಹಾರಾಜ ತಪ್ಪುಕಾಣಿಕೆಯಾಗಿ ಜರತಾರಿ ಅಂಗಿಯೊಂದನ್ನು ಹೊಲಿಸಿಕೊಟ್ಟ. ಅಲ್ಲಿಂದೀಚೆಗೆ ದೇಶದೇಶಗಳವರು, ಸಂಘಸಂಸ್ಥೆಗಳವರು ಕೊಟ್ಟದ್ದೇ ಕೊಟ್ಟದ್ದು. ಉಡಿಸಲು ನಗರಸಭೆ ನೇಮಿಸಿದ ಅಧಿಕೃತ ಅಲಂಕಾರದವರಿದ್ದಾರೆ. ಬಟ್ಟೆಗಳಿಗಾಗಿಯೇ 2017ರಲ್ಲಿ ಪ್ರತ್ಯೇಕ ಮ್ಯೂಸಿಯಂ ತೆರೆದರು, ಟಿಕೆಟ್ ಉಂಟು. ನಾವು ಹೋದ ದಿನ ಅವನು ಬರಿಮೈಯಲ್ಲಿದ್ದ. ‘ಸಾವಿರ ಬಟ್ಟೆ ಇಟ್ಕೊಂಡು ಹೀಗೆ ನಿಂತಿದಾನಲ್ಲ’ ಎಂದು ಅತ್ತೆ ಮುಖ ತಿರುಗಿಸಿಕೊಂಡರು.

ಇಷ್ಟಾಗಿ ಅವನು ಅವನೇ ಅಲ್ಲ. 1619ರ ಹೊತ್ತಿಗೆ ಎರಕ ಹೊಯ್ದ ಅಸಲಿ ಹುಡುಗನನ್ನು ಕಳ್ಳರು ಎಷ್ಟು ಸಲ ಹೊತ್ತೊಯ್ದರೆಂದರೆ, 1965ರ ಕಳವಿನ ನಂತರ ಊರಿನವರು ಸೋತು, ಬೀದಿಗೆ ನಕಲು ನಿಲ್ಲಿಸಿ, ಅಸಲಿಯನ್ನು ಗ್ರಾನ್ ಪ್ಲಾಸ್ ಚೌಕದ ನಗರ ಮ್ಯೂಸಿಯಂನಲ್ಲಿ ಭದ್ರಪಡಿಸಿದ್ದಾರೆ. ಆ ಮ್ಯೂಸಿಯಂ ಇರುವ ಕಟ್ಟಡಕ್ಕೆ ‘ರಾಜನ ಮನೆ’ ಅಂತ ಹೆಸರು. ಯಾವ ರಾಜನೂ ಅಲ್ಲಿ ಸಂಸಾರ ಮಾಡಿಲ್ಲ. ಬಸ್ಸಿನಲ್ಲಿ ಕೆಲವರಿಗೆ ಮೋಸಹೋದ ಭಾವ ಬಂತು. ಮಾವ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ‘ಅದರಲ್ಲೇನಿದೆ? ಮೂಲವಿಗ್ರಹ ಒಳಗಿದೆ, ಇದು ಉತ್ಸವಮೂರ್ತಿ’ ಅಂದರು.

ಇನ್ನೊಂದು ಸಂಗತಿ ತಿಳಿದ ಮೇಲೆ ನನಗೆ ಬ್ರಸೆಲ್ಸ್ ನಮ್ಮದೇ ಊರು ಅನ್ನಿಸಿಬಿಟ್ಟಿತು. ಹುಡುಗ ಹೊಯ್ಯುವ ನೀರು ಕೆಳಗೆ ಬಿದ್ದು ಮತ್ತೆ ಮೇಲೇರಿ ಸುತ್ತುತ್ತಿರುತ್ತದೆ ಎಂದೇ ನಗರಸಭೆ ನಂಬಿತ್ತು. ಕೆಲವು ವರ್ಷದ ಹಿಂದೆ ಯಾರೋ ಮೀಟರ್ ಕೂರಿಸಿ ನೋಡಿದರೆ, ದಿನಕ್ಕೆ 1,500ರಿಂದ 2,500 ಲೀಟರ್ ಕುಡಿಯುವ ನೀರು ನೇರ ಚರಂಡಿಗೆ! ಎಂದಿನಿಂದ ಹೀಗೆ ಅಂತ ಯಾರಿಗೂ ಗೊತ್ತಿಲ್ಲ. 2019ರಲ್ಲಿ ಅದು ಸುದ್ದಿಯಾಗಿ, ರಿಪೇರಿಯೂ ಆಯಿತು. ಟ್ಯಾಂಕರ್ ನೀರಿಗೆ ಫೋನ್ ಮಾಡಿ ಕಾದವರು ಈ ಸುದ್ದಿಯನ್ನು ಎರಡು ಸಲ ಓದಿ.

ಈಗ ಮಾವನ ವಿಷಯ. ಹರಿಯುವ ನೀರಿನ ಸದ್ದು ಕೇಳುತ್ತ ಹತ್ತು ನಿಮಿಷ ನಿಂತರೆ ಸಕ್ಕರೆ ಕಾಯಿಲೆಯವರಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ‘ಲೋ, ಎಲ್ಲಾದ್ರೂ ನೋಡೋ’ ಅಂದರು. ನೋಡಿದೆವು. ಊರಿಗೆ ಊರೇ ಉಚ್ಚೆ ಹೊಯ್ಯುವವನ ಚಿತ್ರಗಳಿಂದ ತುಂಬಿತ್ತು: ಚಾಕಲೇಟಿನಲ್ಲಿ ಅವನು, ಬಿಯರ್ ಲೋಟದ ಮೇಲೆ ಅವನು, ವಾಫಲ್ ಅಂಗಡಿ ಬಾಗಿಲಲ್ಲಿ ಆಳೆತ್ತರದ ಪ್ಲಾಸ್ಟಿಕ್ಕಿನವನು. ಹೊಯ್ಯಲು ಜಾಗ ಮಾತ್ರ ಇಲ್ಲ. ಕೊನೆಗೆ ಒಂದು ಕೆಫೆಯ ನೆಲಮಾಳಿಗೆ. ಮೆಟ್ಟಿಲಿನ ಬುಡದಲ್ಲಿ ಅಜ್ಜಿಯೊಬ್ಬಳು ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಮುಂದೆ ಪಿಂಗಾಣಿ ಬಟ್ಟಲು, ಅದರಲ್ಲಿ ನಾಲ್ಕು ನಾಣ್ಯ. ಮಾವ ಓಡುತ್ತ ಹೋದವರು ಒಂದು ಯೂರೋ ಹಾಕಿ ಒಳಗೆ ನುಗ್ಗಿದರು. ಹೊರಗೆ ಬಂದಾಗ ಮುಖದಲ್ಲಿ ನೆಮ್ಮದಿ ಇತ್ತು, ಬಾಯಲ್ಲಿ ಲೆಕ್ಕ. ‘ಸುಮಾರು ನೂರು ರೂಪಾಯಿ ಆಯ್ತಲ್ಲೋ. ಆ ಹುಡುಗ ನಾನೂರು ವರ್ಷದಿಂದ ಹೊಯ್ತಿದಾನೆ, ಅವನ ಹತ್ರ ಯಾರಾದ್ರೂ ಕೇಳಿದಾರಾ?’

ಬೀದಿಯಲ್ಲಿ ನಿಂತು ಅವನನ್ನು ಅನುಸರಿಸುವ ಹಾಗೂ ಇಲ್ಲ, ದಂಡ ಬೀಳುತ್ತದೆ. ಗಂಡಸರಿಗೆ ಒಂದು ಪುಕ್ಕಟೆ ವ್ಯವಸ್ಥೆ ಇರುವುದು ಎಲ್ಲಿ ಗೊತ್ತೆ? ಸೇಂಟ್ ಕ್ಯಾಥರೀನ್ ಚರ್ಚಿನ ಹೊರಗೋಡೆಗೆ ಅಂಟಿಕೊಂಡು, ಬಯಲಲ್ಲೇ. ನಾವು ಕಾಂಪೌಂಡ್ ಗೋಡೆಗೆ ಜನ ಹೊಯ್ಯದಿರಲಿ ಎಂದು ದೇವರ ಟೈಲ್ಸ್ ಅಂಟಿಸುತ್ತೇವೆ. ಅವರು ದೇವರ ಗೋಡೆಯನ್ನೇ ಹೊಯ್ಯಲು ಬಿಟ್ಟುಕೊಟ್ಟಿದ್ದಾರೆ.

ಊಟೋಪಚಾರ. ವಾಫಲ್ ಅಂಗಡಿಯ ಮುಂದೆ ‘ಒಂದು ಯೂರೋದಿಂದ’ ಎಂಬ ಬೋರ್ಡು ಕಂಡರೆ, ಆ ‘ದಿಂದ’ವನ್ನು ನಿಧಾನವಾಗಿ ಓದಿ. ಒಂದು ಯೂರೋಗೆ ಬರುವುದು ಬರೀ ವಾಫಲ್. ಕೆನೆ ಬೇರೆ, ಸ್ಟ್ರಾಬೆರಿ ಬೇರೆ, ಬಾಳೆಹಣ್ಣು ಬೇರೆ, ಚಾಕಲೇಟ್ ಬೇರೆ. ಮೇಲೆ ಗೋಪುರ ಕಟ್ಟಿದಂತೆ ರೇಟೂ ಏರುತ್ತದೆ. ಆ ಊರಿನವರು ಮೇಲೊಂದಿಷ್ಟು ಸಕ್ಕರೆಪುಡಿ ಉದುರಿಸಿಕೊಂಡು ಸುಮ್ಮನೆ ತಿನ್ನುತ್ತಾರೆ. ಗೋಪುರವೆಲ್ಲ ನಮಗಾಗಿ.

ಮಾವ ವಾಫಲ್ ತಿನ್ನುವಂತಿಲ್ಲ. ಆದ್ದರಿಂದ ಆಲೂಗಡ್ಡೆ. ಬೆಲ್ಜಿಯಂನವರು ಆಲೂಗಡ್ಡೆಯನ್ನು ಎರಡು ಸಲ ಕರಿಯುತ್ತಾರೆ, ಹೊರಗೆ ಗರಿ, ಒಳಗೆ ಬೆಣ್ಣೆ. ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಹಿಡಿದುಕೊಂಡು ಮಾವ, ‘ಇಡೀ ಯುರೋಪಿನಲ್ಲಿ ಧೈರ್ಯವಾಗಿ ತಿನ್ನಬಹುದಾದ ಶುದ್ಧ ಸಸ್ಯಾಹಾರ ಇದೊಂದೇ ನೋಡು’ ಎಂದು ಇನ್ನೊಂದು ಪೊಟ್ಟಣ ತರಿಸಿದರು. ಅಲ್ಲಿ ಸಂಪ್ರದಾಯಸ್ಥರು ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ ಎಂದು ನಾನು ಓದಿದ್ದು ಆ ರಾತ್ರಿ ಹೋಟೆಲಿನಲ್ಲಿ. ಮಾವನಿಗೆ ಹೇಳಲಿಲ್ಲ. ಅವರು ಈ ಅಂಕಣ ಓದುವುದಿಲ್ಲ ಎಂಬ ಭರವಸೆಯಲ್ಲಿ ಬರೆಯುತ್ತಿದ್ದೇನೆ.

ಹುಡುಗನಿಗೊಂದು ಜೋಡಿಯೂ ಉಂಟು. 1987ರಲ್ಲಿ ಕುಕ್ಕರಗಾಲಲ್ಲಿ ಕೂತ ಹುಡುಗಿಯ ಪ್ರತಿಮೆ ಇಟ್ಟರು. ಅವಳು ಸಂದಿಯೊಂದರಲ್ಲಿ ಸರಳುಗಳ ಹಿಂದೆ ಕೂತಿದ್ದಾಳೆ, ಅವನಿಗಿರುವ ಸಾವಿರ ಅಂಗಿ ಅವಳಿಗಿಲ್ಲ. ಕಂಬದ ಪಕ್ಕ ಕಾಲೆತ್ತಿದ ನಾಯಿಯೂ ಒಂದಿದೆ. ಸಂಸಾರ ಪೂರ್ತಿಯಾಯಿತು.

ಬಸ್ಸಿನ ಕಿಟಕಿಯಿಂದ ನ್ಯಾಯಾಲಯದ ಅರಮನೆ ತೋರಿಸಿದರು. 1883ರಲ್ಲಿ ಮುಗಿದ ಬೃಹತ್ ಕಟ್ಟಡ. ಅದಕ್ಕಾಗಿ ಮಾರೋಲ್ ಕೇರಿಯ ಬಡವರನ್ನು ಎಬ್ಬಿಸಿದಾಗ ಅವರ ಬಾಯಲ್ಲಿ ‘ಸೊಟ್ಟ ಆರ್ಕಿಟೆಕ್ಟ್’ ಎಂಬುದೇ ಬೈಗುಳವಾಯಿತಂತೆ. 1980ರ ದಶಕದಲ್ಲಿ ರಿಪೇರಿಗೆಂದು ಸುತ್ತ ಸಾರುವೆ ಕಟ್ಟಿದರು. ದಶಕಗಳು ಕಳೆದರೂ ರಿಪೇರಿ ಮುಗಿಯಲಿಲ್ಲ, ಸಾರುವೆ ತುಕ್ಕು ಹಿಡಿಯಿತು. ಆಮೇಲೆ ಸಾರುವೆಗೇ ರಿಪೇರಿ ಮಾಡಬೇಕಾಗಿ ಬಂತು. ಅತ್ತ ಅಟೋಮಿಯಂ ಎಂಬ ಕಟ್ಟಡ, ಕಬ್ಬಿಣದ ಸ್ಫಟಿಕದೊಳಗಿನ ಪರಮಾಣು ಜೋಡಣೆಯನ್ನು 16,500 ಕೋಟಿ ಪಟ್ಟು ಹಿಗ್ಗಿಸಿ 1958ರ ವಿಶ್ವಮೇಳಕ್ಕೆ ಆರು ತಿಂಗಳ ಮಟ್ಟಿಗೆಂದು ಕಟ್ಟಿದ್ದು, ಇನ್ನೂ ಥಳಥಳ ನಿಂತಿದೆ. ಈ ಊರಿನಲ್ಲಿ ತಾತ್ಕಾಲಿಕ ಎಂದದ್ದು ಯಾವುದೂ ಬೇಗ ಅಲುಗುವುದಿಲ್ಲ.

ಶಾಶ್ವತ ಎಂದದ್ದು ಅಲುಗುತ್ತದೆ. ಯುರೋಪಿಯನ್ ಪಾರ್ಲಿಮೆಂಟಿನ ದೊಡ್ಡ ಗಾಜಿನ ಕಟ್ಟಡ ಇಲ್ಲಿದೆ, ಸದಸ್ಯರು ಇಲ್ಲಿದ್ದಾರೆ, ಸಮಿತಿಗಳೂ ಇಲ್ಲೇ. ಆದರೆ ವರ್ಷಕ್ಕೆ 12 ಸಲ, ನಾಲ್ಕು ನಾಲ್ಕು ದಿನ, ಕಡತಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೆ ಎಲ್ಲರೂ ಗುಳೆ ಹೋಗುತ್ತಾರೆ. ಯುರೋಪಿಯನ್ ಒಕ್ಕೂಟದ ಒಪ್ಪಂದದಲ್ಲಿ ಬರೆದಾಗಿದೆ, ಫ್ರಾನ್ಸ್ ಬಿಡುವುದಿಲ್ಲ. ಇದನ್ನು ನಿಲ್ಲಿಸಿದರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿದೀತು ಎಂದು ಅವರದೇ ಲೆಕ್ಕಪರಿಶೋಧಕರು 2014ರಲ್ಲಿ ಹೇಳಿದರು. ವರ್ಷಕ್ಕೊಮ್ಮೆ ಬೆಳಗಾವಿಗೆ ಹೋಗಿ ಹೋಳಿಗೆ ಊಟ ಮಾಡಿ ಬರುವ ನಮ್ಮ ಶಾಸಕರನ್ನು ಇನ್ನು ಮೇಲೆ ಆಡಿಕೊಳ್ಳುವಾಗ ನಾಲಿಗೆ ಬಿಗಿಹಿಡಿಯುತ್ತೇನೆ.

ಕೊನೆಯ ಇಪ್ಪತ್ತು ನಿಮಿಷ ಶಾಪಿಂಗ್. 1847ರಲ್ಲಿ ತೆರೆದ ಸೇಂಟ್ ಹ್ಯೂಬರ್ಟ್ ಗ್ಯಾಲರಿಯ ಗಾಜಿನ ಸೂರಿನಡಿ ಚಾಕಲೇಟ್ ಅಂಗಡಿಗಳ ಸಾಲು. 1912ರಲ್ಲಿ ಪ್ರಾಲೀನ್ ಎಂಬ ಹೂರಣ ತುಂಬಿದ ಚಾಕಲೇಟು ಹುಟ್ಟಿದ್ದು ಇಲ್ಲಿ, ಔಷಧಿ ಅಂಗಡಿಯಾಗಿ ಶುರುವಾದ ನ್ಯೂಹೌಸ್‌ನಲ್ಲಿ. ಮಾವ ಗಾಜಿನ ಹೊರಗೆ ನಿಂತು ಎಲ್ಲವನ್ನೂ ಕಣ್ಣಲ್ಲೇ ತಿಂದರು. ಅತ್ತೆ ಅಷ್ಟರಲ್ಲಿ ಪಕ್ಕದ ಬೀದಿಯಿಂದ ಒಂದು ಹಿತ್ತಾಳೆ ಹುಡುಗನನ್ನು ಆರು ಯೂರೋಗೆ ಚೌಕಾಸಿ ಮಾಡಿ ತಂದಿದ್ದರು. ಅವನಲ್ಲಿ ನೀರು ಬರಬೇಕಾದ ಕಡೆಯಿಂದ ಉದ್ದನೆಯ ಸುರುಳಿ ಕಬ್ಬಿಣ ಹೊರಟಿತ್ತು. ಅದು ವೈನ್ ಬಾಟಲಿಯ ಬಿರಡೆ ತೆಗೆಯುವ ಸಾಧನ. ಅತ್ತೆಗೆ ಅದು ಗೊತ್ತಿರಲಿಲ್ಲ, ಹೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಮೊನ್ನೆ ದಸರೆಗೆ ಮೈಸೂರಿಗೆ ಹೋಗಿದ್ದೆ. ಗೊಂಬೆ ಕೂರಿಸಿದ್ದರು. ಪಟ್ಟದ ಗೊಂಬೆಗಳ ಎರಡು ಮೆಟ್ಟಿಲು ಕೆಳಗೆ, ಶೆಟ್ಟಿ ದಂಪತಿಯ ಅಂಗಡಿಯ ಪಕ್ಕದಲ್ಲಿ ಬ್ರಸೆಲ್ಸ್ ಹುಡುಗ ನಿಂತಿದ್ದ. ಅತ್ತೆ ಹಳೇ ರವಿಕೆ ಕಣದ ಜರಿ ಅಂಚು ಕತ್ತರಿಸಿ ಅವನಿಗೆ ಪಂಚೆ ಉಡಿಸಿದ್ದರು. ಸುರುಳಿಯಿಂದಾಗಿ ಪಂಚೆ ಮುಂದೆ ಸ್ವಲ್ಪ ಉಬ್ಬಿತ್ತು. ಆರತಿ ಮುಗಿದ ಮೇಲೆ ಪಕ್ಕದ ಮನೆಯ ಹುಡುಗಿ, ‘ಅಜ್ಜಿ, ಇದು ಯಾವ ದೇವರು?’ ಅಂತ ಕೇಳಿದಳು.

‘ಬೆಲ್ಜಿಯಂದು’ ಎಂದು ಅತ್ತೆ ಅವಳ ಕೈಗೆ ಗೊಂಬೆ ಬಾಗಿನದ ಚಕ್ಕುಲಿ ಇಟ್ಟರು.